ಸಾಸಿವೆ ಡಬ್ಬಿಯ ಅರ್ಥಶಾಸ್ತ್ರ

ನಮ್ಮ ಮನೆಯಲ್ಲಿ ಟೂತ್‌ಪೇಸ್ಟ್ ಮುಗಿಯುವುದಿಲ್ಲ. ಇನ್ನು ಮುಗಿಯಿತು ಎಂದುಕೊಂಡ ದಿನದಿಂದ ಅದರ ಉತ್ತರಾಯುಷ್ಯ ಶುರುವಾಗುತ್ತದೆ. ಮೊದಲು ಬುಡದಿಂದ ಸುರುಳಿ ಸುತ್ತುವುದು, ಆಮೇಲೆ ಬಾಗಿಲ ಸಂದಿಗೆ ಕೊಟ್ಟು ಹಿಂಡುವುದು, ಆಮೇಲೆ ಲಟ್ಟಣಿಗೆ, ಕಟ್ಟಕಡೆಗೆ ಕತ್ತರಿ. ಹೊಟ್ಟೆ ಸೀಳಿದ ಟ್ಯೂಬಿನ ಒಳಮೈಗೆ ಬ್ರಷ್ಷು ಉಜ್ಜಿದರೆ ಮನೆಮಂದಿಯ ಹಲ್ಲು ಇನ್ನೆರಡು ದಿನ ಬೆಳ್ಳಗಾಗುತ್ತದೆ. ಹಿಂದೆ ಅಲ್ಯೂಮಿನಿಯಂ ಟ್ಯೂಬುಗಳಿದ್ದವು. ಸುತ್ತಿದರೆ ಸುತ್ತಿದ ಹಾಗೇ ಕೂತಿರುತ್ತಿದ್ದವು, ಹೇಳಿದ ಮಾತು ಕೇಳುತ್ತಿದ್ದವು. ಈಗಿನ ಪ್ಲಾಸ್ಟಿಕ್ಕಿನವು ಎಷ್ಟು ಸುತ್ತಿದರೂ ಕೈ ಬಿಟ್ಟ ಕೂಡಲೇ ಎದೆ ಉಬ್ಬಿಸಿ ನಿಲ್ಲುತ್ತವೆ. ಒಳಗೇನೂ ಇಲ್ಲದವರ ಠೀವಿ. ಬಟ್ಟೆ ಒಣಹಾಕುವ ಕ್ಲಿಪ್ಪು ಕಚ್ಚಿಸಿಯೇ ಅವನ್ನು ಬಗ್ಗಿಸಬೇಕು.

ಹೀಗೆ ಉಳಿಸುವ ಪೇಸ್ಟಿನ ಬೆಲೆ ಎಷ್ಟಾಗುತ್ತದೆ ಎಂದು ಬೆಂಗಳೂರಿನಿಂದ ಬಂದಿದ್ದ ಮಗ ಮೊಬೈಲಿನಲ್ಲಿ ಲೆಕ್ಕ ಹಾಕಿ ತೋರಿಸಿದ. ಎರಡು ರೂಪಾಯಿಗೆ ಒಂದಿಷ್ಟು ಕಡಿಮೆ. 'ಕತ್ತರಿ ಸಾಣೆ ಹಿಡಿಸೋ ಖರ್ಚು ಸೇರಿಸಿದ್ರೆ ನಷ್ಟ ಅಪ್ಪ' ಎಂದ. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಟ್ಯೂಬಿನ ಹೊಟ್ಟೆ ಸೀಳಿದಾಗ ಒಳಗೆ ಇನ್ನೂ ಇಷ್ಟು ಉಳಿದಿದೆಯಲ್ಲ ಎಂದು ಕಂಡಾಗಿನ ಖುಷಿ ಇದೆಯಲ್ಲ, ಅದು ಅವನ ಮೊಬೈಲಿನ ಲೆಕ್ಕಕ್ಕೆ ಸಿಕ್ಕಿರಲಿಲ್ಲ. ಉಳಿತಾಯ ಮಾಡುವವರೆಲ್ಲ ದುಡ್ಡಿಗಾಗಿಯೇ ಮಾಡುತ್ತಾರೆ ಎಂದು ತಿಳಿಯುವುದು ಖರ್ಚು ಮಾಡುವವರ ಭ್ರಮೆ. ಅದೊಂದು ಚಟ. ಎಲೆ ಅಡಿಕೆಗಿಂತ ಅಗ್ಗ, ಇಸ್ಪೀಟಿಗಿಂತ ನಿರಪಾಯ.

ಈ ವಿದ್ಯೆಯಲ್ಲಿ ನಾನು ಶಿಷ್ಯ ಮಾತ್ರ, ಗುರು ನಮ್ಮ ಸೋದರತ್ತೆ. ಮೈಸೂರಿನಲ್ಲಿ ನಮ್ಮ ಹಿಂದಿನ ಬೀದಿಯಲ್ಲೇ ಮಗ, ಸೊಸೆ, ಮೊಮ್ಮಗಳ ಜೊತೆ ಇದ್ದಾರೆ. ಅತ್ತೆ ಹಾಲಿನ ಪ್ಯಾಕೆಟ್ ಕತ್ತರಿಸುವುದನ್ನು ಒಮ್ಮೆ ನೋಡಬೇಕು. ಮೂಲೆಯನ್ನು ಪೂರ್ತಿ ಕತ್ತರಿಸುವುದಿಲ್ಲ, ಒಂದು ಎಳೆಯಷ್ಟು ಹಿಡಿದಿರುವಂತೆ ಬಿಡುತ್ತಾರೆ. ಆ ಚೂರು ಬೇರೆಯಾಗಿ ಬಿದ್ದರೆ ಗುಡಿಸುವ ಕೆಲಸ ಒಂದು, ತೂಕದಲ್ಲಿ ನಷ್ಟ ಇನ್ನೊಂದು. ಹಾಲು ಬಗ್ಗಿಸಿದ ಮೇಲೆ ಪ್ಯಾಕೆಟ್ಟಿಗೆ ಅರ್ಧ ಲೋಟ ನೀರು ಬಿಟ್ಟು, ಬಾಯಿ ಹಿಡಿದು ಕುಲುಕಿ, ಆ ನೀರನ್ನೂ ಹಾಲಿಗೇ ಸುರಿಯುತ್ತಾರೆ. ಎರಡನೆಯ ಸಲ ತೊಳೆದ ನೀರು ಕರಿಬೇವಿನ ಗಿಡಕ್ಕೆ. ಒದ್ದೆ ಪ್ಯಾಕೆಟ್ಟನ್ನು ಸಿಂಕಿನ ಹಿಂದಿನ ಟೈಲ್ಸಿಗೆ ಅಂಗೈಯಿಂದ ತಟ್ಟಿ ಅಂಟಿಸುತ್ತಾರೆ. ಒಣಗಿದ್ದು ತಾನಾಗಿ ಕಳಚಿ ಬೀಳುತ್ತದೆ. ಬಿದ್ದದ್ದು ಒಣಗಿದೆ ಎಂದು ಅರ್ಥ, ಮುಟ್ಟಿ ನೋಡಬೇಕಾಗಿಲ್ಲ. ಹೀಗೆ ಉದುರಿದ ಪ್ಯಾಕೆಟ್ಟುಗಳೆಲ್ಲ ಮಂಚದ ಕೆಳಗಿನ ಚೀಲಕ್ಕೆ, ಚೀಲ ತುಂಬಿದ ಮೇಲೆ ಹಳೇ ಪೇಪರ್ ಅಂಗಡಿಗೆ. ಅಲ್ಲಿ ತಕ್ಕಡಿಯ ಮುಳ್ಳು ಅತ್ತೆಯ ಕಣ್ಣು ತಪ್ಪಿಸಿ ಅಲ್ಲಾಡಿದ್ದಿಲ್ಲ.

2024ರ ಜೂನಿನಲ್ಲಿ ನಂದಿನಿ ಹಾಲಿನ ಪ್ಯಾಕೆಟ್ಟಿಗೆ ಎರಡು ರೂಪಾಯಿ ಏರಿಸಿ, ಅದರ ಜೊತೆಗೆ 50 ಮಿಲಿಲೀಟರ್ ಹಾಲನ್ನೂ ಹೆಚ್ಚಿಗೆ ತುಂಬಿ ಕಳಿಸಿದರಲ್ಲ, ಆಗ ನಾಡಿನಲ್ಲೆಲ್ಲ ಇದು ಬೆಲೆ ಏರಿಕೆಯೋ ಅಲ್ಲವೋ ಎಂಬ ಚರ್ಚೆ ನಡೆಯಿತು. ಅರ್ಧ ಲೀಟರಿನದು 550 ಆಯಿತು, ಒಂದು ಲೀಟರಿನದು 1050. ದರ ಏರಿಸಿಲ್ಲ, ಹಾಲೇ ಜಾಸ್ತಿ ಕೊಟ್ಟಿದ್ದೇವೆ ಎಂಬುದು ಸರ್ಕಾರದ ವಾದ; ನಾವು ಕೇಳಿದ್ದೆವಾ ಎಂಬುದು ವಿರೋಧ ಪಕ್ಷದ್ದು. ಅತ್ತೆ ಎರಡೂ ಕಡೆಗೆ ಸೇರಲಿಲ್ಲ. ಮಾರನೆಯ ದಿನದಿಂದ ಆ 50 ಮಿಲಿಯನ್ನು ಔಷಧಿ ಬಾಟಲಿಯ ಮುಚ್ಚಳದಲ್ಲಿ ಅಳೆದು ಬೇರೆ ಪಾತ್ರೆಗೆ ತೆಗೆದಿಟ್ಟು ಹೆಪ್ಪು ಹಾಕತೊಡಗಿದರು. 'ಅವರು ಬಲವಂತವಾಗಿ ಮಾರಿದ್ದನ್ನ ನಾವು ಬಲವಂತವಾಗಿ ಉಳಿಸಬೇಕು' ಎಂಬುದು ಅವರ ನಿಲುವು. ಆ ಮೊಸರಿನಿಂದ ವಾರಕ್ಕೊಂದು ದಿನ ಮಜ್ಜಿಗೆ ಹುಳಿ ಆಗುತ್ತಿತ್ತು. ಅದಕ್ಕೆ ಅವರ ಮನೆಯಲ್ಲಿ ಸರ್ಕಾರಿ ಹುಳಿ ಎಂದು ಹೆಸರು.

ಅಡುಗೆಮನೆಯ ಮಾತು ಬಂದ ಮೇಲೆ ಬಸ್ಸಾರನ್ನು ನೆನೆಯದೆ ಮುಂದೆ ಹೋಗುವುದು ನಮ್ಮ ಹಳೇ ಮೈಸೂರಿನ ಕಡೆಯವರಿಗೆ ಆಗದ ಮಾತು. ಬಡತನದಲ್ಲಿ ಹುಟ್ಟಿ ಬುದ್ಧಿವಂತಿಕೆಯಲ್ಲಿ ಬೆಳೆದ ಅಡುಗೆ ಅದು. ದಂಟಿನ ಸೊಪ್ಪನ್ನೂ ಅಲಸಂದೆ ಕಾಳನ್ನೂ ಒಟ್ಟಿಗೆ ಬೇಯಿಸಿ ಬಸಿಯಬೇಕು. ಬಸಿದ ಕಟ್ಟಿಗೆ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಕಾಯಿ, ಹುಣಸೆಹಣ್ಣು ರುಬ್ಬಿ ಹಾಕಿ, ಬೆಂದ ಸೊಪ್ಪು ಕಾಳಿನಲ್ಲೇ ಒಂದು ಹಿಡಿಯನ್ನೂ ಅದಕ್ಕೆ ಸೇರಿಸಿ ರುಬ್ಬಿಕೊಂಡರೆ ಸಾರು. ಉಳಿದದ್ದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಸೌದೆಯ ಉರಿಯಲ್ಲಿ ಎರಡು ಅಡುಗೆ, ಚೆಲ್ಲುವ ನೀರು ಒಂದು ಹನಿಯೂ ಇಲ್ಲ. ಮುದ್ದೆಗೆ ಇದಕ್ಕಿಂತ ಒಳ್ಳೆಯ ಜೊತೆ ಇಲ್ಲ ಎಂದು ನಾನು ವಾದಕ್ಕೆ ನಿಲ್ಲಬಲ್ಲೆ. ಮಾರನೆಯ ದಿನಕ್ಕೆ ಉಳಿಸಿಕೊಂಡರೆ ಸಾರಿಗೆ ಇನ್ನೂ ರುಚಿ ಬರುತ್ತದೆ. ಉಳಿದದ್ದು ಕೆಡುವ ಬದಲು ಮೇಲಾಗುವ ಪದಾರ್ಥ ಲೋಕದಲ್ಲಿ ಎಷ್ಟಿವೆ ಹೇಳಿ.

ಹೀರೇಕಾಯಿಯದು ಇನ್ನೊಂದು ಕಥೆ. ಏಣುಗಳನ್ನು ಹೆರೆದು, ಆ ಸಿಪ್ಪೆಯನ್ನು ಒಂದು ಚಮಚ ಎಣ್ಣೆಯಲ್ಲಿ ಉದ್ದಿನಬೇಳೆ, ಒಣಮೆಣಸಿನಕಾಯಿಯ ಜೊತೆ ಗರಿಗರಿಯಾಗುವವರೆಗೆ ಬಾಡಿಸಿ, ಕಾಯಿತುರಿ, ಹುಣಸೆ, ಚೂರು ಬೆಲ್ಲ ಸೇರಿಸಿ ತರಿತರಿಯಾಗಿ ರುಬ್ಬಿದರೆ ಆಗುವ ಚಟ್ನಿಯ ಮುಂದೆ ಹೀರೇಕಾಯಿಯ ಪಲ್ಯ ಸಪ್ಪೆ. ನಮ್ಮಲ್ಲಿ ಈಗ ಸಿಪ್ಪೆಗಾಗಿಯೇ ಹೀರೇಕಾಯಿ ತರುವ ಸ್ಥಿತಿ ಬಂದಿದೆ. ತಿರುಳನ್ನು ಏನು ಮಾಡುವುದೆಂಬುದೇ ಸಮಸ್ಯೆ. ಮಂಗಳೂರು, ಉಡುಪಿ ಕಡೆಯವರು ನಮಗಿಂತ ಮುಂದೆ ಹೋದವರು. ಕಲ್ಲಂಗಡಿಯ ಕೆಂಪು ತಿಂದ ಮೇಲೆ ಉಳಿಯುವ ಬಿಳಿ ಭಾಗದಲ್ಲಿ ದೋಸೆ ಹುಯ್ಯುತ್ತಾರೆ. ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿಟ್ಟು ಮಳೆಗಾಲ ಕಳೆಯುತ್ತಾರೆ, ಬೀಜದಲ್ಲಿ ಸಾಂಬಾರು ಮಾಡುತ್ತಾರೆ. ಹಲಸಿನಕಾಯಿಯಲ್ಲಿ ಅವರಿಗೆ ಬೇಡವಾದದ್ದು ಮೇಣ ಒಂದೇ, ಅದೂ ಬಿಸಾಡಿದರೆ ಹೋಗುವುದಿಲ್ಲ, ಕೈಗೇ ಅಂಟಿಕೊಂಡಿರುತ್ತದೆ.

ಇಷ್ಟನ್ನು ನಾನು ಊಟದ ಮನೆಯಲ್ಲಿ ಕೂತು ರಸವತ್ತಾಗಿ ಹೇಳುತ್ತಿದ್ದಾಗ ಒಳಗಿನಿಂದ ನನ್ನ ಹೆಂಡತಿ, 'ಹೀರೇಕಾಯಿ ಹೆರೆಯೋರು ಯಾರು ಅಂತಾನೂ ಬರೀರಿ' ಎಂದಳು. ಬರೆಯುತ್ತಿದ್ದೇನೆ. ನಮ್ಮ ಸಂಸಾರಗಳ ಮಿತವ್ಯಯವನ್ನು ಹೊಗಳಿದವರಲ್ಲಿ ಮುಕ್ಕಾಲು ಪಾಲು ಆರಾಮಕುರ್ಚಿಯ ಗಂಡಸರು. ಸಿಪ್ಪೆ ಹೆರೆದು, ಪ್ಯಾಕೆಟ್ ತೊಳೆದು, ಹರಿದ ಅಂಗಿಗೆ ತೇಪೆ ಹಾಕಿ, ಸವೆದ ಸೀರೆಯನ್ನು ಲಂಗವಾಗಿ, ಲಂಗವನ್ನು ದಿಂಬಿನ ಚೀಲವಾಗಿ, ಚೀಲವನ್ನು ಒಲೆ ಒರೆಸುವ ಬಟ್ಟೆಯಾಗಿ ಜನ್ಮಾಂತರಗೊಳಿಸಿದವರು ಹೆಂಗಸರು. ಉತ್ತರ ಕರ್ನಾಟಕದ ಕೌದಿಯನ್ನೇ ನೋಡಿ. ಹಳೆಯ ಸೀರೆ, ಧೋತರ, ಅಂಗಿಗಳನ್ನು ಪದರ ಪದರವಾಗಿ ಹಾಸಿ, ಅಂಚಿನಿಂದ ನಡುವಿನತ್ತ ಸಾಲು ಹೊಲಿಗೆ ಹಾಕುತ್ತ ಬರುತ್ತಾರೆ. ಬಟ್ಟೆಗೆ ಮೂರು ಕಾಸು ಖರ್ಚಿಲ್ಲ, ಹೊಲಿಗೆಗೆ ವಾರಗಟ್ಟಲೆ ಮಧ್ಯಾಹ್ನಗಳು. ಆ ಮಧ್ಯಾಹ್ನಗಳನ್ನು ಯಾವ ಯಜಮಾನನೂ ಜಮಾ ಖರ್ಚಿನ ಪುಸ್ತಕದಲ್ಲಿ ಬರೆದಿಟ್ಟಿಲ್ಲ. ಈಗ ಅದೇ ಕೌದಿಗೆ ಪಟ್ಟಣದ ಅಂಗಡಿಯಲ್ಲಿ ಸಾವಿರಗಟ್ಟಲೆ ಬೆಲೆ ಬರೆದ ಚೀಟಿ ತೂಗುಹಾಕಿದ್ದು ಕಂಡಾಗಲಷ್ಟೇ ಯಜಮಾನರ ಮೊಮ್ಮಕ್ಕಳಿಗೆ ಅದು ಕಲೆ ಎಂದು ಗೊತ್ತಾಗಿದೆ.

ಇನ್ನು ಅತ್ತೆಯ ಖಜಾನೆ. ಅವರ ಅಡುಗೆಮನೆಯ ಮೇಲಿನ ಗೂಡಿನಲ್ಲಿ ಸ್ಟೀಲ್ ಡಬ್ಬಿಗಳ ಸಾಲಿದೆ. ಸಾಸಿವೆ ಡಬ್ಬಿ ಎಂದರೆ ದಿನದಿನದ ಹಾಲು, ತರಕಾರಿ, ಆಟೋದಲ್ಲಿ ಉಳಿದ ಚಿಲ್ಲರೆ; ಅಂಥದೇ ಸಣ್ಣಪುಟ್ಟ ಖರ್ಚಿಗೆ. ಮೆಂತ್ಯದ ಡಬ್ಬಿ ಔಷಧಿಗೆ. ಧನಿಯದ್ದು ಮುಯ್ಯಿಗೆ, ಏಕೆಂದರೆ ಮದುವೆ ಮುಂಜಿಗೆ ಕರೆಯುವವರಿಗೆ ಬರಗಾಲವಿಲ್ಲ. ಅರಿಶಿನದ್ದು ದೇವರ ಹರಕೆಗೆ. ಮೆಣಸಿನಪುಡಿ ಡಬ್ಬಿ ಮೊಮ್ಮಗಳ ಮದುವೆಗೆ, ಅದಕ್ಕೆ ಯಾರೂ ಸುಮ್ಮನೆ ಕೈ ಹಾಕುವುದಿಲ್ಲ ಎಂಬ ಧೈರ್ಯದಿಂದ. ಒಂದು ಡಬ್ಬಿಯಿಂದ ಇನ್ನೊಂದಕ್ಕೆ ದುಡ್ಡು ಹೋಗುವ ಹಾಗಿಲ್ಲ. ಅನಿವಾರ್ಯವಾದರೆ ಸಾಲದ ಚೀಟಿ ಬರೆದು ಒಳಗಿಡಬೇಕು. ಜೀರಿಗೆ ಹುಡುಕಹೋದ ಸೊಸೆಗೆ 'ಸಾಸಿವೆಯಿಂದ ಮೆಂತ್ಯಕ್ಕೆ 200, ಯುಗಾದಿಯೊಳಗೆ ವಾಪಸ್' ಎಂದು ಬರೆದ ಚೀಟಿ ಸಿಕ್ಕಿತ್ತು. ಸಾಲ ಕೊಟ್ಟವರೂ ಅತ್ತೆ, ತೆಗೆದುಕೊಂಡವರೂ ಅತ್ತೆ. ಆದರೂ ಯುಗಾದಿಯೊಳಗೆ ವಾಪಸಾಯಿತಂತೆ.

ಇದು ತಮಾಷೆಯೆಂದು ನಾವು ನಕ್ಕೆವು. ಅಷ್ಟರಲ್ಲಿ ಅಮೆರಿಕದ ರಿಚರ್ಡ್ ಥೇಲರ್ ಅವರಿಗೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಜನ ತಮ್ಮ ದುಡ್ಡನ್ನೆಲ್ಲ ಒಂದೇ ರಾಶಿ ಎಂದು ಎಣಿಸುವುದಿಲ್ಲ, ಮನಸ್ಸಿನಲ್ಲೇ ಬೇರೆ ಬೇರೆ ಖಾತೆಗಳನ್ನು ತೆರೆದು ಪ್ರತಿಯೊಂದಕ್ಕೂ ಬೇರೆ ಬೇರೆ ಕಟ್ಟಳೆ ಹಾಕಿಕೊಳ್ಳುತ್ತಾರೆ ಎಂದು ಅವರು ತೋರಿಸಿಕೊಟ್ಟಿದ್ದರಂತೆ. ನನ್ನ ಮಗ ಇದನ್ನು ಅತ್ತೆಗೆ ವಿವರಿಸಿದ. 'ಮನಸ್ಸಲ್ಲಿ ಇಟ್ಕೊಂಡ್ರೆ ಮರೆತೋಗಲ್ವೇನೋ? ಡಬ್ಬೀಲಿ ಇಟ್ಕೊಳ್ಳೋಕೆ ಹೇಳು ಅವರಿಗೆ' ಎಂದರು.

ಡಬ್ಬಿಗಳಿಗೆ ಬಂದ ದೊಡ್ಡ ಗಂಡಾಂತರವೆಂದರೆ 2016ರ ನವೆಂಬರ್ 8. ರಾತ್ರಿ ಎಂಟಕ್ಕೆ ಪ್ರಧಾನಿ ಟಿ.ವಿ.ಯಲ್ಲಿ ಬಂದು ಐನೂರು, ಸಾವಿರದ ನೋಟು ಇನ್ನು ನಡೆಯುವುದಿಲ್ಲ ಎಂದರು. ಅರ್ಧ ಗಂಟೆಯ ಮೇಲೆ ಅತ್ತೆ ಸ್ಟೂಲು ಹತ್ತಿ ಡಬ್ಬಿಗಳನ್ನು ಒಂದೊಂದಾಗಿ ಇಳಿಸಿದರು. ಕರ್ನಾಟಕದ ಎಷ್ಟು ಅಡುಗೆಮನೆಗಳಲ್ಲಿ ಆ ರಾತ್ರಿ ಎಷ್ಟು ಡಬ್ಬಿಗಳು ಕೆಳಗಿಳಿದವೋ, ಎಷ್ಟು ಗಂಡಂದಿರು ಬಾಯಿ ಬಿಟ್ಟು ನಿಂತರೋ! ನಮ್ಮ ಅತ್ತೆಯ ಒಟ್ಟು ಮೊತ್ತ ಎಷ್ಟೆಂದು ಇವತ್ತಿಗೂ ಅವರ ಮಗನಿಗೆ ಗೊತ್ತಿಲ್ಲ. ಬ್ಯಾಂಕಿನ ಸಾಲಿನಲ್ಲಿ ಅರ್ಧ ದಿನ ನಿಂತು ಕೌಂಟರಿಗೆ ನೋಟು ಕೊಟ್ಟಾಗ ಕ್ಯಾಷಿಯರ್ ಎಣಿಸುತ್ತ ಎಣಿಸುತ್ತ ಸೀನತೊಡಗಿದರಂತೆ, ಮೆಣಸಿನಪುಡಿ ಡಬ್ಬಿಯ ಕಂತು ಅದು. ಬದಲಿಗೆ ಬಂದ ಎರಡು ಸಾವಿರದ ಗುಲಾಬಿ ನೋಟನ್ನು ಅತ್ತೆ ಡಬ್ಬಿಗೆ ಸೇರಿಸಲಿಲ್ಲ. 'ಇದಕ್ಕೆ ಚಿಲ್ಲರೆ ಸಿಗಲ್ಲ, ಜಾಸ್ತಿ ದಿನ ಇರೋ ಮುಖ ಅಲ್ಲ ಇದು' ಎಂದುಬಿಟ್ಟರು. 2023ರ ಮೇ ತಿಂಗಳಲ್ಲಿ ರಿಸರ್ವ್ ಬ್ಯಾಂಕೂ ಅದೇ ತೀರ್ಮಾನಕ್ಕೆ ಬಂತು.

ಡಬ್ಬಿಯನ್ನು ಮನೆಯಿಂದ ಬ್ಯಾಂಕಿಗೆ ದಾಟಿಸಿದ ಪುಣ್ಯ ನಮ್ಮ ಕರಾವಳಿಯವರದು. ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಸೇರಿ 1925ರಲ್ಲಿ ಉಡುಪಿಯಲ್ಲಿ ಕಟ್ಟಿದ ಬ್ಯಾಂಕು, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡದ್ದು, 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ದಿನಕ್ಕೆ ಎರಡಾಣೆ ಕೊಟ್ಟರೆ ಸಾಕು, ಏಜೆಂಟ್ ಮನೆ ಬಾಗಿಲಿಗೇ ಬಂದು ವಸೂಲಿ ಮಾಡಿಕೊಂಡು ಹೋಗುವನು. ಎರಡಾಣೆಗಾಗಿ ಬಿಸಿಲಲ್ಲಿ ನಡೆದು ಬರುವವನನ್ನು ಬರಿಗೈಯಲ್ಲಿ ಕಳಿಸಲು ಯಾರಿಗೂ ಮನಸ್ಸು ಬರುವುದಿಲ್ಲ. ಆ ದಾಕ್ಷಿಣ್ಯವೇ ಬಂಡವಾಳ. ಹೂವಾಡಗಿತ್ತಿ, ಬೀಡಾ ಅಂಗಡಿಯವನು, ಇಸ್ತ್ರಿಯವನು ಇವತ್ತಿಗೂ ಸಹಕಾರ ಸಂಘಗಳಿಗೆ ಪಿಗ್ಮಿ ಕಟ್ಟುವುದು ಹೀಗೇ. ಸಂಜೆ ಆರಕ್ಕೆ ಸ್ಕೂಟರಿನವನು ಬಂದು ನಿಂತರೆ, ಬೇರೆಯವರಿಗೆ ನಾಳೆ ಬಾ ಎನ್ನುವವರು ಇವನಿಗೆ ಮಾತ್ರ ಗಲ್ಲಾ ಎಳೆದು ಐವತ್ತು ಕೊಡುತ್ತಾರೆ.

ಅವಿಭಜಿತ ದಕ್ಷಿಣ ಕನ್ನಡವೊಂದರಲ್ಲೇ ಇಪ್ಪತ್ತೈದು ವರ್ಷದ ಅವಧಿಯಲ್ಲಿ ಕೆನರಾ, ಕಾರ್ಪೊರೇಷನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ ಎಂದು ಐದು ಬ್ಯಾಂಕು ಹುಟ್ಟಿದವು. ಈಗ ಸ್ವಂತ ಹೆಸರಿನಲ್ಲಿ ಉಳಿದಿರುವವು ಎರಡೇ. ವಿಜಯಾ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ 2020ರಲ್ಲಿ ಬೇರೆಯವುಗಳ ಹೊಟ್ಟೆ ಸೇರಿದವು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1913ರಲ್ಲಿ ಶುರುವಾದ ಮೈಸೂರು ಬ್ಯಾಂಕಂತೂ 2017ರಲ್ಲೇ ಹೋಯಿತು. ಆದರೆ ಬೆಂಗಳೂರಿನ ಮೈಸೂರ್ ಬ್ಯಾಂಕ್ ಸರ್ಕಲ್ಲು ಯಾವ ಬ್ಯಾಂಕಿನಲ್ಲೂ ವಿಲೀನವಾಗಿಲ್ಲ, ಬಸ್ಸಿನವರು ಈಗಲೂ ಹಾಗೇ ಕೂಗುತ್ತಾರೆ.

ವಿಶ್ವೇಶ್ವರಯ್ಯನವರ ಹೆಸರು ಬಂದರೆ ಎರಡು ಮೇಣದಬತ್ತಿಯ ಕಥೆಯೂ ಬರಬೇಕು. ಸರ್ಕಾರದ ಕೆಲಸಕ್ಕೆ ಸರ್ಕಾರದ ಬತ್ತಿ, ಸ್ವಂತ ಕೆಲಸಕ್ಕೆ ಸ್ವಂತ ಬತ್ತಿ. ಶಾಲೆಯಲ್ಲಿ ಇದನ್ನು ಕೇಳಿ ಬೆಳೆದ ನಮ್ಮ ಚಿಕ್ಕಪ್ಪನಿಗೆ ಕಥೆಯ ನೀತಿಗಿಂತ ಬತ್ತಿ ಆರಿಸುವ ಭಾಗ ಹೆಚ್ಚು ಹಿಡಿಸಿತು. ಅವರ ಮನೆಯಲ್ಲಿ ನೀವು ಕೋಣೆಯಿಂದ ಹೊರಗೆ ಕಾಲಿಡುವ ಮೊದಲೇ ದೀಪ ಆರುತ್ತದೆ, ಮಿಕ್ಕ ಕಾಲನ್ನು ಕತ್ತಲಲ್ಲೇ ಎತ್ತಿಡಬೇಕು. ಎಲ್ಲ ಕಡೆ ಒಂಬತ್ತು ವ್ಯಾಟಿನ ಎಲ್‌ಇಡಿ. ಟಿ.ವಿ.ಯ ಕೆಂಪು ಚುಕ್ಕಿ ಉರಿಯುತ್ತಿದ್ದರೆ ಅವರಿಗೆ ನಿದ್ದೆ ಬರುವುದಿಲ್ಲ. ಫ್ರಿಜ್ಜಿನ ಬಾಗಿಲು ತೆರೆದು ಏನು ಬೇಕೆಂದು ಯೋಚಿಸುವ ಹಾಗಿಲ್ಲ, ಯೋಚಿಸಿಯೇ ತೆರೆಯಬೇಕು. ಹೀಗೆ ಅವರ ಮನೆಯ ಬಳಕೆ ತಿಂಗಳಿಗೆ 38 ಯೂನಿಟ್ಟಿನ ಆಸುಪಾಸಿನಲ್ಲಿತ್ತು.

2023ರಲ್ಲಿ ಗೃಹಜ್ಯೋತಿ ಬಂತು. ಇನ್ನೂರು ಯೂನಿಟ್ಟಿನವರೆಗೆ ಕರೆಂಟು ಉಚಿತ ಎಂದು ಊರೆಲ್ಲ ಸಂಭ್ರಮಿಸುತ್ತಿದ್ದಾಗ ಚಿಕ್ಕಪ್ಪ ಕನ್ನಡಕ ಏರಿಸಿಕೊಂಡು ಆದೇಶದ ಸಣ್ಣಕ್ಷರ ಓದಿದರು. 2022-23ರ ಸರಾಸರಿ ಬಳಕೆ ಎಷ್ಟೋ ಅದರ ಮೇಲೆ ಶೇಕಡಾ ಹತ್ತು, ಅಷ್ಟೇ ಪುಕ್ಕಟೆ! ಎಂದರೆ ಎ.ಸಿ., ಗೀಸರ್ ಹಾಕಿಕೊಂಡು 170 ಯೂನಿಟ್ ಸುಟ್ಟಿದ್ದ ಎದುರುಮನೆಯವರಿಗೆ 187, ಜೀವಮಾನವಿಡೀ ಕತ್ತಲಲ್ಲಿ ತಡವರಿಸಿದ ಚಿಕ್ಕಪ್ಪನಿಗೆ 42ಕ್ಕೂ ಚೂರು ಕಡಿಮೆ. ಅವತ್ತು ಅವರು ವರಾಂಡದಲ್ಲಿ ಕೂತು, ದೀಪ ಹಾಕಿಕೊಂಡೇ ಕೂತು, 'ಉಳಿಸಿದವನಿಗೆ ಈ ಕಾಲದಲ್ಲಿ ಬೆಲೆ ಇಲ್ಲ ಕಣಯ್ಯ' ಎಂದರು. 2024ರ ಜನವರಿಯಲ್ಲಿ ಸರ್ಕಾರಕ್ಕೂ ಇದು ಹೊಳೆದಿರಬೇಕು. 48 ಯೂನಿಟ್ಟಿಗಿಂತ ಕಡಿಮೆ ಬಳಸುವವರಿಗೆ ಶೇಕಡಾ ಹತ್ತರ ಬದಲು ಹತ್ತು ಯೂನಿಟ್ಟನ್ನೇ ಹೆಚ್ಚಿಗೆ ಕೊಟ್ಟರು. ಚಿಕ್ಕಪ್ಪನ ಪಾಲಿಗೆ ಆರು ಯೂನಿಟ್ ಲಾಭ. ಅದನ್ನು ಏನು ಮಾಡುವುದೆಂದು ತಿಳಿಯದೆ ಅವರು ಕೆಲವು ದಿನ ಗಲಿಬಿಲಿಗೊಂಡಿದ್ದರು. ಕಡೆಗೆ ಚಿಕ್ಕಮ್ಮನಿಗೆ ದೇವರ ಮನೆಯಲ್ಲಿ ರಾತ್ರಿಯೂ ಒಂದು ಸಣ್ಣ ಬಲ್ಬು ಉರಿಸಲು ಅಪ್ಪಣೆಯಾಯಿತು.

ನನ್ನ ಮಗನ ತಲೆಮಾರು ಉಳಿತಾಯವನ್ನು ಇನ್ನೊಂದು ಬಾಗಿಲಿನಿಂದ ಪ್ರವೇಶಿಸಿದೆ. ಅವರು ಖರ್ಚು ಮಾಡಿ ಉಳಿಸುತ್ತಾರೆ. ಆಷಾಢದಲ್ಲಿ ಮದುವೆಗಳಿಲ್ಲ, ಬಟ್ಟೆ ಅಂಗಡಿಗೆ ಗಿರಾಕಿಯಿಲ್ಲ, ಅದಕ್ಕೆ ಆಷಾಢದ ಸೇಲು ಎಂದು ಅಂಗಡಿಯವರು ಹಿಂದೆ ಹೊಸ ಉಪಾಯ ಹೂಡಿದರು. ಈಗ ಹನ್ನೆರಡು ತಿಂಗಳೂ ಆಷಾಢವೇ. ಎರಡು ಕೊಂಡರೆ ಒಂದು ಉಚಿತ ಎಂದು ಮಗ ಮೂರು ಅಂಗಿ ತಂದ. ಬೇಕಾಗಿದ್ದದ್ದು ಒಂದು. ಬೆಲೆ 999, ಸಾವಿರವಲ್ಲ. ಬಾಟಾ ಕಂಪನಿಯವರು ಚಪ್ಪಲಿಗೆ ಕಲಿಸಿಕೊಟ್ಟ ವಿದ್ಯೆ ಅಂಗಿಯನ್ನೂ ಬಿಟ್ಟಿಲ್ಲ. ದಿನಸಿ ಮಳಿಗೆಯ ಬಿಲ್ಲಿನ ಬುಡದಲ್ಲಿ 'ಇಂದು ನೀವು ಉಳಿಸಿದ್ದು 412 ರೂಪಾಯಿ' ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಅತ್ತೆ ಆ ಬಿಲ್ಲನ್ನು ತಿರುಗಿಸಿ ಮುರುಗಿಸಿ ನೋಡಿ, 'ಎಲ್ಲಿ ಕೊಡು ಆ ದುಡ್ಡ, ಡಬ್ಬಿಗೆ ಹಾಕ್ತೀನಿ' ಎಂದು ಕೈ ಚಾಚಿದರು. ಅರ್ಥಶಾಸ್ತ್ರಕ್ಕೆ ಇದಕ್ಕಿಂತ ನೇರವಾದ ಪ್ರಶ್ನೆಯನ್ನು ನಾನು ಕೇಳಿಲ್ಲ. ಮಗನಲ್ಲಿ ಉತ್ತರವಿರಲಿಲ್ಲ.

ಅವನನ್ನು ಕೊನೆಗೂ ತಿದ್ದಿದ್ದು ನಾವಲ್ಲ, 2024ರ ಬೇಸಿಗೆ. ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿದವು. ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ಪೈಪಿನಲ್ಲಿ ಹತ್ತಿ ಬರುವ ಕಾವೇರಿ ನೀರಿನಲ್ಲಿ ಕಾರು ತೊಳೆದರೆ ಐದು ಸಾವಿರ ದಂಡ ಎಂದರು. ನಲ್ಲಿಗಳಿಗೆ ಏರಿಯೇಟರ್ ಕಡ್ಡಾಯವಾಯಿತು. ಷವರಿನ ಕೆಳಗೆ ಹಾಡು ಮುಗಿಯುವವರೆಗೆ ನಿಲ್ಲುತ್ತಿದ್ದವನು ಫೋನು ಮಾಡಿ, ಬಕೆಟ್ಟಿನಲ್ಲಿ ಸ್ನಾನ ಮಾಡಿದರೆ ಎಷ್ಟು ಚೊಂಬು ಸಾಕಾಗುತ್ತದೆ ಎಂದು ಕೇಳಿದ. ಫಿಲ್ಟರಿನಿಂದ ವ್ಯರ್ಥ ಹೋಗುವ ನೀರನ್ನು ಹಿಡಿದಿಟ್ಟು ನೆಲ ಒರೆಸುತ್ತಿದ್ದೇನೆ ಎಂದು ತನ್ನ ಸ್ವಂತ ಸಂಶೋಧನೆಯೆಂಬಂತೆ ಹೇಳಿದ. ಇವನು ಹುಟ್ಟುವುದಕ್ಕೆ ಮೊದಲಿನಿಂದ ಅಕ್ಕಿ ತೊಳೆದ ನೀರನ್ನು ಗಿಡಕ್ಕೆ ಹಾಕುತ್ತ ಬಂದ ಅವನ ಅಮ್ಮ ಫೋನು ಕೆಳಗಿಟ್ಟು ಏನೂ ಮಾತಾಡಲಿಲ್ಲ.

ಉಳಿತಾಯಕ್ಕೂ ಹುಚ್ಚಿಗೂ ನಡುವಿನ ಗೆರೆ ತೀರ ತೆಳುವು, ಅದನ್ನೂ ಒಪ್ಪಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಯಿತಲ್ಲ, ಅತ್ತೆಗೆ ದೇವರಾಜ ಮಾರುಕಟ್ಟೆ ದುಬಾರಿ ಎಂದು ಅನ್ನಿಸತೊಡಗಿತು. ಪಕ್ಕದ ಮನೆಯವರನ್ನು ಕರೆದುಕೊಂಡು ಹುಣಸೂರು ಕಡೆಯ ಒಂದು ಸಂತೆಗೆ ಹೊರಟರು. ಬದನೆಕಾಯಿ, ಹುರುಳಿಕಾಯಿ, ಸೋರೆಕಾಯಿ ಎಲ್ಲ ಸೇರಿ ಅರವತ್ತು ರೂಪಾಯಿ ಉಳಿಯಿತು. ದಾರಿಯಲ್ಲಿ ಇಬ್ಬರಿಗೂ ಇಡ್ಲಿ, ಕಾಫಿ ಎಂದು ಅದಕ್ಕಿಂತ ಹೆಚ್ಚೇ ಆಯಿತು, ಬರುವಾಗ ಬಸ್ಸಿನಲ್ಲಿ ಸೀಟು ಸಿಗದೆ ಸೊಂಟ ಹಿಡಿಯಿತು, ಮೆಂತ್ಯದ ಡಬ್ಬಿಯಿಂದ ಮುಲಾಮು ಬಂತು. ಆದರೆ ಅತ್ತೆಯ ಮುಖ ಎಷ್ಟು ಗೆಲುವಾಗಿತ್ತೆಂದರೆ ಲೆಕ್ಕ ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಅರವತ್ತು ವರ್ಷ ಅಡುಗೆಮನೆಯಲ್ಲಿ ಉಳಿಸಿದವರು ಮೊದಲ ಸಲ ಉಳಿಸುವ ನೆಪದಲ್ಲಿ ಊರು ನೋಡಿ ಬಂದಿದ್ದರು. ಆ ಬದನೆಕಾಯಿಗೆ ನಾನಂತೂ ಬೆಲೆ ಕಟ್ಟಲಾರೆ.

ಇಂಥ ಅತ್ತೆಯ ಮೊಮ್ಮಗಳಿಗೆ ಮದುವೆ ಗೊತ್ತಾಯಿತು.

ನಾನು ನನ್ನ ಕರ್ತವ್ಯವೆಂದು ಸರಳ ವಿವಾಹದ ಮಾತೆತ್ತಿದೆ. ಕುವೆಂಪು 1966ರಲ್ಲಿ ಮಗ ತೇಜಸ್ವಿಯವರ ಮದುವೆಯನ್ನೇ ಮಂತ್ರಮಾಂಗಲ್ಯದ ಕ್ರಮದಲ್ಲಿ ಮಾಡಿದರು, ವಾದ್ಯ ಇಲ್ಲ, ಆಡಂಬರ ಇಲ್ಲ ಎಂದೆ. ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹ ನಡೆಯುತ್ತಿದೆ, ಸೀರೆ, ತಾಳಿ ಕೂಡ ಅವರೇ ಕೊಡುತ್ತಾರೆ ಎಂದೆ. ಅತ್ತೆ ಸಮಾಧಾನವಾಗಿ ಕೇಳಿ, 'ಕುವೆಂಪು ಅವರ ಮನೆ ಮದುವೆಗೆ ಕರೀಲಿಲ್ಲ ಅಂತ ಯಾರಾದ್ರೂ ಮುನಿಸ್ಕೊಂಡ್ರಾ? ನಮ್ಮನೇದಕ್ಕೆ ಮುನಿಸ್ಕೋತಾರೆ. ಹೋಗು, ಛತ್ರ ನೋಡ್ಕೊಂಡು ಬಾ' ಎಂದರು.

ಛತ್ರ ಎರಡು ದಿನಕ್ಕೆ, ಅಡುಗೆಯವರು, ಹೂವಿನ ಮಂಟಪ, ನಾದಸ್ವರ, ಫೋಟೋ, ವಿಡಿಯೋ, ಆಕಾಶದಲ್ಲಿ ಹಾರುತ್ತ ಚಿತ್ರ ತೆಗೆಯುವ ಡ್ರೋನು. ಊಟಕ್ಕೆ ಐದು ಸಿಹಿ, ಬಂದವರಿಗೆಲ್ಲ ತೆಂಗಿನಕಾಯಿಯ ತಾಂಬೂಲದ ಚೀಲ. ಡಬ್ಬಿಗಳು, ಪಿಗ್ಮಿ, ಅತ್ತೆಯ ಮಗನ ಪಿ.ಎಫ್. ಎಲ್ಲ ಸೇರಿ ಎಂಟು ಲಕ್ಷದ ಮೇಲೆ ಹೋಯಿತು. ಎಷ್ಟು ಜನ್ಮದ ಹಾಲಿನ ಪ್ಯಾಕೆಟ್ ತೊಳೆದರೆ ಇಷ್ಟಾದೀತು ಎಂದು ನಾನು ಮನಸ್ಸಿನಲ್ಲೇ ಭಾಗಿಸಲು ಹೊರಟು ಅರ್ಧಕ್ಕೆ ಕೈಬಿಟ್ಟೆ. ಎರಡನೆಯ ಪಂಕ್ತಿಯಲ್ಲಿ ಅತ್ತೆ ಜರಿಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೇಡ ಬೇಡ ಎನ್ನುವವರ ಎಲೆಗೆ ಹೋಳಿಗೆ ಬಡಿಸಿ, ಅದರ ಮೇಲೆ ತುಪ್ಪ ಸುರಿಸುತ್ತಿದ್ದರು. ತುಪ್ಪ ಎಲೆ ದಾಟಿ ಮೇಜಿಗೆ ಹರಿಯುತ್ತಿತ್ತು. ಮನೆಯಲ್ಲಿ ತುಪ್ಪದ ಮಿಳ್ಳೆಗೆ ಬಿಸಿ ಅನ್ನ ಹಾಕಿ ಒರೆಸಿ ತೆಗೆಯುವ ಕೈ ಅದು. ಅತಿ ಎನ್ನಬಹುದು. ನನಗೆ ಹಾಗೆನ್ನಿಸಲಿಲ್ಲ. ಇಷ್ಟು ವರ್ಷ ಬಿಗಿಹಿಡಿದದ್ದೇ ಒಂದು ಮಧ್ಯಾಹ್ನ ಹೀಗೆ ಕೈಬಿಚ್ಚಿ ಬಡಿಸುವುದಕ್ಕೆ ಎಂದಾದರೆ ಅದನ್ನು ದುಂದು ಎನ್ನಲು ಯಾವ ಲೆಕ್ಕಿಗನಿಗೂ ಅಧಿಕಾರವಿಲ್ಲ. ಆದರೆ ಡ್ರೋನಿನ ಬಗ್ಗೆ ನನ್ನ ತಕರಾರು ಈಗಲೂ ಇದೆ.

ಹೆಣ್ಣು ಒಪ್ಪಿಸಿ, ಛತ್ರದ ಬೀಗದ ಕೈ ಹಿಂತಿರುಗಿಸಿ, ಉಳಿದ ಲಾಡನ್ನು ನೆಂಟರ ಟಿಫನ್ ಕ್ಯಾರಿಯರುಗಳಿಗೆ ಹಂಚಿ ಹೊರಗೆ ಬಂದಾಗ ಸಂಜೆ ಏಳಾಗಿತ್ತು. ಆಟೋದವನು ನೂರೈವತ್ತು ಕೇಳಿದ. ಅತ್ತೆ ನೂರಿಪ್ಪತ್ತು ಎಂದರು. ಅವನು ಛತ್ರದ ದೀಪಾಲಂಕಾರವನ್ನೂ ಅತ್ತೆಯ ಜರಿಸೀರೆಯನ್ನೂ ಒಮ್ಮೆ ನೋಡಿ, 'ಏನಮ್ಮ, ಇಷ್ಟು ಜೋರಾಗಿ ಮದುವೆ ಮಾಡಿದೀರ, ಮೂವತ್ತು ರೂಪಾಯಿಗೆ ನೋಡ್ತೀರಲ್ಲ' ಎಂದ. ನನಗೇ ನಾಚಿಕೆಯಾಗಿ, 'ಬಿಡಿ ಅತ್ತೆ, ನಾನು ಕೊಡ್ತೀನಿ' ಎಂದು ಜೇಬಿಗೆ ಕೈ ಹಾಕಿದೆ. ಅತ್ತೆ ನನ್ನ ಕೈ ಹಿಡಿದು ನಿಲ್ಲಿಸಿದರು.

'ಸುಮ್ನಿರೋ. ಛತ್ರ ಮೆಣಸಿನಪುಡಿ ಡಬ್ಬೀದು. ಆಟೋ ಸಾಸಿವೆ ಡಬ್ಬೀದು. ಅದರಲ್ಲಿ ಇರೋದೇ ನೂರಿಪ್ಪತ್ತು.'